ಒಂದೇ ಬಣ್ಣದ ಎರಡು ಕಾರು

2017ರ ಆಗಸ್ಟ್ 27, ಭಾನುವಾರ. ಗಣೇಶನ ಹಬ್ಬವಾಗಿ ಮೂರನೇ ದಿನ. ಶಿಡ್ಲಘಟ್ಟದಲ್ಲಿ ಬೀದಿಬೀದಿಯ ಗಣಪತಿಗಳು ಟ್ರ್ಯಾಕ್ಟರ್ ಏರಿ ವಿಸರ್ಜನೆಗೆ ಹೊರಟಿದ್ದವು. ತಮಟೆ ಏಟಿಗೆ ಕಿಟಕಿಯ ಗಾಜು ಅದುರುತ್ತಿದ್ದ ಮಹಡಿ ಕೋಣೆಯಲ್ಲಿ ನಾನು, ನನ್ನ ಸ್ನೇಹಿತ, ಅವನ ಇಬ್ಬರು ಮಕ್ಕಳು ಟಿ.ವಿ. ಮುಂದೆ ಕೂತಿದ್ದೆವು. ಕೆಳಗಿನ ಅಂತಸ್ತಿನಲ್ಲಿ ಅವನ ರೇಷ್ಮೆ ರೀಲಿಂಗ್ ಘಟಕ. ಹಬ್ಬಕ್ಕೆಂದು ಬಾಯ್ಲರ್ ಆರಿಸಿದ್ದರೂ ಬೆಂದ ಹುಳುವಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಐದೂವರೆಗೆ ಬೆಲ್ಜಿಯಂನ ಸ್ಪಾದಲ್ಲಿ ಫಾರ್ಮುಲಾ ಒನ್ ರೇಸ್ ಶುರುವಾಯಿತು.

ಸ್ಪಾ ಟ್ರ್ಯಾಕ್‌ನ ಮೊದಲ ತಿರುವು ಮೊಣಕೈಯಂತೆ ಮಡಚಿಕೊಂಡಿದೆ. ಅದನ್ನು ದಾಟಿದರೆ ಕಾಡಿನ ನಡುವೆ ಇಳಿಜಾರು. ಬಲಕ್ಕೆ ಕಾಂಕ್ರೀಟ್ ಗೋಡೆ, ತುದಿಯಲ್ಲಿ ಓ ರೂಜ್ ಎಂಬ ತಗ್ಗು, ಅದರಾಚೆ ಗೋಡೆಯಂಥ ಏರು. ಆ ಇಳಿಜಾರಿನಲ್ಲಿ ಕಾರುಗಳು ಗಂಟೆಗೆ ಮುನ್ನೂರು ಕಿ.ಮೀ. ಹತ್ತಿರಕ್ಕೆ ಹೋಗುತ್ತವೆ. ಅಂಥ ಜಾಗದಲ್ಲಿ ಗುಲಾಬಿ ಬಣ್ಣದ ಒಂದು ಕಾರು ಅದೇ ಗುಲಾಬಿ ಬಣ್ಣದ ಇನ್ನೊಂದು ಕಾರನ್ನು ಗೋಡೆಗೆ ಒತ್ತಿತು. ಚಕ್ರಕ್ಕೆ ಚಕ್ರ ತಾಗಿತು. ಒತ್ತಿದವನು ಮೆಕ್ಸಿಕೋದ ಸೆರ್ಗಿಯೋ ಪೆರೆಜ್, ಗೋಡೆಗೂ ಕಾರಿಗೂ ನಡುವೆ ಸಿಕ್ಕಿಕೊಂಡವನು ಫ್ರಾನ್ಸಿನ ಎಸ್ತೆಬಾನ್ ಒಕಾನ್. ಹೇಗೋ ಬಚಾವಾದರು. ರೇಸ್ ಮುಂದುವರಿಯಿತು.

ಇಪ್ಪತ್ತೊಂಬತ್ತನೇ ಸುತ್ತಿನಲ್ಲಿ ಅದೇ ಇಳಿಜಾರು, ಅದೇ ಗೋಡೆ, ಅದೇ ಇಬ್ಬರು. ಈ ಸಲ ಪೆರೆಜ್‌ನ ಹಿಂದಿನ ಟೈರ್ ಹರಿಯಿತು, ಒಕಾನ್‌ನ ಮುಂದಿನ ರೆಕ್ಕೆ ಮುರಿಯಿತು. ಚೂರುಗಳು ರಸ್ತೆ ತುಂಬ ಚೆಲ್ಲಿ ಸೇಫ್ಟಿ ಕಾರ್ ಬಂತು.

ನನ್ನ ಸ್ನೇಹಿತ ರೇಸ್ ನೋಡುವವನಲ್ಲ. ಮಕ್ಕಳ ಹಟಕ್ಕೆ ಕೂತಿದ್ದ. ಕಾಫಿ ಲೋಟ ಕೆಳಗಿಟ್ಟು ಕೇಳಿದ: "ಅಲ್ಲ ಕಣೋ, ಎರಡೂ ಒಂದೇ ಕಂಪನಿ ಗಾಡಿ ಅಂತೀಯ. ಸಂಬಳ ಕೊಡೋನೂ ಒಬ್ಬನೇ. ಮತ್ಯಾಕೆ ಹಿಂಗೆ ಒಬ್ಬರನ್ನೊಬ್ಬರು ಕೊಲ್ಲೋಕೆ ಹೋಗ್ತಾರೆ?"

ಆಗ ನನಗೆ ತಕ್ಷಣ ಸಿಕ್ಕ ಉತ್ತರ ಅವನ ಘಟಕದಲ್ಲೇ ಇತ್ತು. ಅಲ್ಲಿ ಸಾಲಾಗಿ ನೂಲು ತೆಗೆಯುವ ಬೇಸಿನ್‌ಗಳಿವೆ. ಗೂಡು ಮಾರುಕಟ್ಟೆಯಲ್ಲಿ ಹರಾಜು ಕೂಗಿ ತಂದ ಒಂದೇ ಲಾಟನ್ನು ಎಲ್ಲರಿಗೂ ಹಂಚುತ್ತಾರೆ. ನೀರು ಅದೇ, ಹಬೆ ಅದೇ, ಗೂಡು ಅದೇ. ಸಂಜೆ ತೂಕಕ್ಕಿಟ್ಟಾಗ ಒಂದು ಬೇಸಿನ್‌ನಲ್ಲಿ ನೂಲು ಕಡಿಮೆ ಬಂದರೆ ಅಲ್ಲಿ ಕೂತವಳಿಗೆ ಹೇಳಿಕೊಳ್ಳಲು ನೆಪವಿಲ್ಲ. ಪಕ್ಕದ ಬೀದಿಯ ಘಟಕದಲ್ಲಿ ರೆಂಡಿಟ್ಟಾ, ಅಂದರೆ ಗೂಡಿಗೆ ಸಿಗುವ ನೂಲಿನ ಲೆಕ್ಕ, ಚೆನ್ನಾಗಿ ಬಂತೆಂದರೆ ಅವರ ಗೂಡೇ ಬೇರೆ ಅನ್ನಬಹುದು. ಪಕ್ಕದ ಬೇಸಿನ್‌ನವಳಿಗೆ ಚೆನ್ನಾಗಿ ಬಂತೆಂದರೆ ಏನು ಅನ್ನುವುದು? ಫಾರ್ಮುಲಾ ಒನ್‌ನಲ್ಲಿ ಪ್ರತಿ ತಂಡಕ್ಕೆ ಎರಡು ಕಾರು. ಒಂದು ತಂಡದ ಕಾರಿಗೂ ಇನ್ನೊಂದು ತಂಡದ ಕಾರಿಗೂ ವ್ಯತ್ಯಾಸ ಬಹಳ. ಆದ್ದರಿಂದ ಒಬ್ಬ ಚಾಲಕನ ಕೈ ಎಷ್ಟು ಚುರುಕು ಎಂದು ಅಳೆಯಲು ಇರುವ ಒಂದೇ ತಕ್ಕಡಿ ಅವನ ಜೊತೆಗಾರ. ಮುಂದಿನ ವರ್ಷ ದೊಡ್ಡ ತಂಡ ಕರೆಯುತ್ತದೋ, ಇರುವ ಸೀಟೂ ಹೋಗುತ್ತದೋ ಎಂಬುದೆಲ್ಲ ಆ ತೂಕದ ಮೇಲೆ. ಜೊತೆಗೆ ಅಂಕಪಟ್ಟಿಯೂ ಎರಡು. ಚಾಲಕರದು ಒಂದು, ತಂಡಗಳದು ಇನ್ನೊಂದು. ತಂಡಕ್ಕೆ ಹಣ ಬರುವುದು ಎರಡನೆಯದರಿಂದ, ಚಾಲಕನಿಗೆ ಹೆಸರು ಬರುವುದು ಮೊದಲನೆಯದರಿಂದ.

ಅವನಿಗೆ ಅರ್ಥವಾಯಿತು. ಆದರೆ ಆ ತಂಡದ ಕಥೆಯನ್ನು ಪೂರ್ತಿ ಹೇಳಲು ಆ ಸಂಜೆ ಸಾಲಲಿಲ್ಲ. ಅದು ನಮ್ಮದೇ ರಾಜ್ಯದ ಉದ್ಯಮಿಯೊಬ್ಬರು ಕಟ್ಟಿದ ತಂಡ. ಹೆಸರು ಫೋರ್ಸ್ ಇಂಡಿಯಾ.

ಬಂಟ್ವಾಳ ಮೂಲದ ಕುಟುಂಬದ, ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಒಡೆಯರಾಗಿದ್ದ ವಿಜಯ್ ಮಲ್ಯ ಯೌವನದಲ್ಲಿ ಮದ್ರಾಸಿನ ಹತ್ತಿರದ ಶೋಲಾವರಂ ವಾಯುನೆಲೆಯಲ್ಲಿ ನಡೆಯುತ್ತಿದ್ದ ರೇಸ್‌ಗಳಲ್ಲಿ ಸ್ವತಃ ಕಾರು ಓಡಿಸಿದವರು. 2007ರಲ್ಲಿ ಅವರು ಡಚ್ ಉದ್ಯಮಿ ಮಿಖಿಲ್ ಮೋಲ್ ಜೊತೆ ಸೇರಿ 8.8 ಕೋಟಿ ಯೂರೋ ಕೊಟ್ಟು ಸ್ಪೈಕರ್ ಎಂಬ ತಂಡವನ್ನು ಕೊಂಡರು. ಆ ತಂಡಕ್ಕೆ ಹಳೆಯ ಬೇರಿತ್ತು. 1991ರಲ್ಲಿ ಎಡ್ಡಿ ಜೋರ್ಡಾನ್ ಫಾರ್ಮುಲಾ ಒನ್‌ಗೆ ಇಳಿಸಿದ ಜೋರ್ಡಾನ್ ತಂಡವೇ ಕೈಯಿಂದ ಕೈಗೆ ದಾಟಿ ಮಿಡ್‌ಲ್ಯಾಂಡ್ ಆಗಿ, ಸ್ಪೈಕರ್ ಆಗಿ ಬಂದಿತ್ತು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಟ್ರ್ಯಾಕ್‌ನ ಎದುರಿನ ಕಾರ್ಖಾನೆ, ಅಲ್ಲಿನ ಮೆಕ್ಯಾನಿಕ್‌ಗಳು, ಎಂಜಿನಿಯರ್‌ಗಳು ಮಾತ್ರ ಬಹುಪಾಲು ಅಲ್ಲೇ ಉಳಿದಿದ್ದರು. 2008ರಲ್ಲಿ ಹೊಸ ಹೆಸರಿನಲ್ಲಿ ಇಳಿದ ತಂಡಕ್ಕೆ ಮೊದಲ ವರ್ಷ ಸಿಕ್ಕಿದ್ದು ಸೊನ್ನೆ ಅಂಕ.

ಅದೇ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಆಮೇಲೆ ನಂದಿ ಬೆಟ್ಟದ ಮೇಲೆ ನಿಂತರೆ ಮಲ್ಯರ ಕೆಂಪು ಬಾಲದ ಕಿಂಗ್‌ಫಿಷರ್ ವಿಮಾನಗಳು ಇಳಿಯುವುದು, ಏರುವುದು ಕಾಣುತ್ತಿತ್ತು. ಚಿಕ್ಕಬಳ್ಳಾಪುರ, ಚಿಂತಾಮಣಿ ಕಡೆಯ ನಮ್ಮಂಥವರಿಗೆ ಮಲ್ಯ ಎಂದರೆ ಆ ವಿಮಾನ. 2012ರ ಅಕ್ಟೋಬರ್‌ನಲ್ಲಿ ಅವು ಹಾರಾಟ ನಿಲ್ಲಿಸಿದವು. ಸಾಲ, ಸಿಬ್ಬಂದಿಯ ಬಾಕಿ ಸಂಬಳ, ಬ್ಯಾಂಕ್‌ಗಳ ಮೊಕದ್ದಮೆ ಎಲ್ಲವೂ ಪತ್ರಿಕೆ ತುಂಬಿದವು. 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟರು. ಅದನ್ನು ಕರ್ನಾಟಕ ಮರೆಯಬಾರದು, ಮರೆತೂ ಇಲ್ಲ. ಆದರೆ ಆ ಸಿಟ್ಟಿನ ಅಡಿಯಲ್ಲಿ ತಂಡದ ಆಟದ ಕಥೆಯೂ ಹೂತುಹೋಯಿತು ಎಂಬುದು ನನ್ನ ಬಹುದಿನದ ಸಂಕಟ. 2009ರಲ್ಲಿ ಇದೇ ಸ್ಪಾದಲ್ಲಿ ಜಿಯಾನ್‌ಕಾರ್ಲೋ ಫಿಸಿಕೆಲ್ಲಾ ಈ ತಂಡದ ಕಾರನ್ನು ಮೊದಲ ಸ್ಥಾನದಿಂದ ಹೊರಡಿಸಿ, ಫೆರಾರಿಯ ಕಿಮಿ ರೈಕೋನೆನ್‌ಗೆ ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಸೋತ. 2016ರಲ್ಲಿ, ಮಾಲೀಕರ ಪಾಸ್‌ಪೋರ್ಟ್ ರದ್ದಾಗಿ ಅವರು ಬ್ರಿಟನ್ ಆಚೆಯ ರೇಸ್‌ಗಳಿಗೆ ಹೋಗಲಾಗದೆ ಕೂತಿದ್ದ ವರ್ಷದಲ್ಲೇ, 173 ಅಂಕ ಗಳಿಸಿ ತಂಡ ನಾಲ್ಕನೇ ಸ್ಥಾನಕ್ಕೇರಿತು. ಮುಂದಿದ್ದವು ಮರ್ಸಿಡಿಸ್, ರೆಡ್ ಬುಲ್, ಫೆರಾರಿ. ಹಿಂದೆ ಉಳಿದವು ವಿಲಿಯಮ್ಸ್ ಮತ್ತು ಮೆಕ್‌ಲಾರೆನ್. ಸಾಲಗಾರರು ಬಾಗಿಲು ಬಡಿಯುತ್ತಿದ್ದ ಮನೆಯಲ್ಲಿ ಕೂತು ನಾನೂರು ಜನ ಈ ಕೆಲಸ ಮಾಡಿದರು.

ಪೆರೆಜ್ ಆ ತಂಡಕ್ಕೆ 2014ರಲ್ಲಿ ಬಂದ. 2013ರಲ್ಲಿ ಮೆಕ್‌ಲಾರೆನ್ ಅವನನ್ನು ಒಂದೇ ವರ್ಷಕ್ಕೆ ಕೈಬಿಟ್ಟಿತ್ತು. ಬಹ್ರೇನ್, ರಷ್ಯಾ, ಮೊನಾಕೊ, ಬಾಕುಗಳಲ್ಲಿ ಮೂರನೇ ಸ್ಥಾನ ತಂದುಕೊಟ್ಟು ಅವನು ಈ ಮನೆಯ ಹಿರಿಮಗನಂತಾಗಿದ್ದ. ಟೈರ್‌ಗಳನ್ನು ಸವೆಯದಂತೆ ಬಹಳ ಹೊತ್ತು ಓಡಿಸುವುದರಲ್ಲಿ ಅವನಷ್ಟು ನುರಿತವರು ಕಡಿಮೆ. ತಂಡದ ಇನ್ನೊಬ್ಬ ಚಾಲಕ ಹುಲ್ಕೆನ್‌ಬರ್ಗ್ ಜೊತೆ ಮೂರು ವರ್ಷ ಪೈಪೋಟಿ ನಡೆಸಿದ್ದ. ತಂಡವೂ ಇಬ್ಬರನ್ನೂ ಓಡಲು ಬಿಟ್ಟಿತ್ತು. 2017ಕ್ಕೆ ಹುಲ್ಕೆನ್‌ಬರ್ಗ್ ರೆನೋ ತಂಡಕ್ಕೆ ಹೋದ, ಆ ಜಾಗಕ್ಕೆ ಇಪ್ಪತ್ತು ವರ್ಷದ ಒಕಾನ್ ಬಂದ. ಅವನ ಅಪ್ಪ ನಾರ್ಮಂಡಿಯಲ್ಲಿ ಗ್ಯಾರೇಜ್ ನಡೆಸುತ್ತಿದ್ದ ಮೆಕ್ಯಾನಿಕ್. ಮಗನ ರೇಸಿಗಾಗಿ ಮನೆ ಮಾರಿ, ಕ್ಯಾರವಾನ್ ಗಾಡಿಯಲ್ಲಿ ಸಂಸಾರ ಮಾಡಿದ ಕುಟುಂಬ ಅದು. ಮಗಳ ಮೆಡಿಕಲ್ ಸೀಟಿಗೆ ಜಮೀನು ಮಾರಿದ ತಂದೆಯರು ನಮ್ಮ ಕಡೆ ಎಷ್ಟಿಲ್ಲ! ಹಾಗೆ ಬಂದವನಿಗೆ ಹಿಂದಕ್ಕೆ ಹೋಗಲು ಮನೆಯಿರಲಿಲ್ಲ. ಮರ್ಸಿಡಿಸ್ ಅವನನ್ನು ತನ್ನ ಮುಂದಿನ ಚಾಲಕನೆಂದು ಬೆಳೆಸುತ್ತಿತ್ತು. ದೊಡ್ಡ ತಂಡದ ಬಾಗಿಲು ಇನ್ನೊಮ್ಮೆ ತೆರೆದೀತೆಂದು ಕಾಯುತ್ತಿದ್ದ ಪೆರೆಜ್‌ಗೆ ಇದು ಗೊತ್ತಿತ್ತು.

ಆ ವರ್ಷ ಕಾರು ಚೆನ್ನಾಗಿತ್ತು. ಆಸ್ಟ್ರಿಯಾದ ನೀರು ಶುದ್ಧೀಕರಣ ಕಂಪನಿಯೊಂದು ಪ್ರಾಯೋಜಕನಾಗಿ ಬಂದದ್ದರಿಂದ ಬಣ್ಣ ಗುಲಾಬಿಯಾಗಿತ್ತು. ಮೇ ತಿಂಗಳಲ್ಲಿ ಸ್ಪೇನ್‌ನಲ್ಲಿ ಪೆರೆಜ್ ನಾಲ್ಕನೆಯವ, ಒಕಾನ್ ಐದನೆಯವ. ಎಲ್ಲರೂ ನಗುತ್ತಿದ್ದರು.

ನಗು ಮಾಸಿದ್ದು ಜೂನ್ 11ರಂದು ಕೆನಡಾದಲ್ಲಿ. ನಮ್ಮಲ್ಲಿ ಆಗ ರಾತ್ರಿ ಹನ್ನೊಂದೂವರೆ ದಾಟಿತ್ತು. ಮೂರನೇ ಸ್ಥಾನದಲ್ಲಿ ರೆಡ್ ಬುಲ್‌ನ ಡೇನಿಯಲ್ ರಿಕಾರ್ಡೊ, ಅವನ ಬೆನ್ನಿಗೆ ಪೆರೆಜ್, ಪೆರೆಜ್‌ನ ಬೆನ್ನಿಗೆ ಒಕಾನ್. ಒಕಾನ್ ತಡವಾಗಿ ಟೈರ್ ಬದಲಿಸಿದ್ದರಿಂದ ಅವನ ಟೈರ್ ಹೆಚ್ಚು ಹೊಸದಾಗಿತ್ತು, ಕಾರು ಹೆಚ್ಚು ವೇಗವಾಗಿತ್ತು. ಪೆರೆಜ್ ದಾರಿ ಬಿಟ್ಟರೆ ಅವನು ರಿಕಾರ್ಡೊನ ಮೇಲೆ ಒಂದು ಕೈ ನೋಡುತ್ತಿದ್ದ. ಆಗದಿದ್ದರೆ ಸ್ಥಾನ ಹಿಂದಕ್ಕೆ ಕೊಡಬಹುದಿತ್ತು. ತಂಡ ರೇಡಿಯೋದಲ್ಲಿ ಪೆರೆಜ್‌ಗೆ ಈ ಮಾತನ್ನು ಮುಟ್ಟಿಸಿತು. ಅವನು ತನಗೆ ಇನ್ನೂ ಸ್ವಲ್ಪ ಹೊತ್ತು ಬೇಕೆಂದ, ತಾವಿಬ್ಬರೂ ಓಡಲಿ ಬಿಡಿ ಎಂದ. ತಂಡ ಒತ್ತಾಯಿಸಲಿಲ್ಲ. ಇವರು ಹೀಗೆ ಒಬ್ಬರ ಹಿಂದೊಬ್ಬರು ಸುತ್ತುತ್ತಿರುವಾಗ ಸೆಬಾಸ್ಟಿಯನ್ ವೆಟೆಲ್‌ನ ಫೆರಾರಿ ಹೊಸ ಟೈರ್ ಹಾಕಿಕೊಂಡು ಹಿಂದಿನಿಂದ ಬಂತು. ಕೊನೆಯ ಐದು ಸುತ್ತುಗಳಲ್ಲಿ ಮೊದಲು ಒಕಾನ್‌ನನ್ನು, ಆಮೇಲೆ ಪೆರೆಜ್‌ನನ್ನು ದಾಟಿ ನಾಲ್ಕನೆಯದಾಯಿತು. ಗುಲಾಬಿ ಕಾರುಗಳಿಗೆ ಐದು ಮತ್ತು ಆರು.

ತಪ್ಪು ಯಾರದೆಂದು ಕೇಳಿದರೆ ನಾನು ಚಾಲಕರಿಬ್ಬರಿಗಿಂತ ಮೊದಲು ಆ ರಾತ್ರಿ ಪಿಟ್ ಗೋಡೆಯ ಮೇಲೆ ಕೂತು ತಂಡ ನಡೆಸುತ್ತಿದ್ದವರತ್ತ ಬೊಟ್ಟು ಮಾಡುತ್ತೇನೆ. ಅದು ವಿನಂತಿಯೋ ಆಜ್ಞೆಯೋ ಎಂಬುದು ಅಂದೇ ಸ್ಪಷ್ಟವಾಗಬೇಕಿತ್ತು. ಆಗಲಿಲ್ಲ. ದಾರಿ ಬಿಡದಿದ್ದರೂ ನಡೆಯುತ್ತದೆ ಎಂದು ಹಿರಿಯವನು ತಿಳಿದ. ಕೇಳಿದರೆ ಸಿಗುವುದಿಲ್ಲ, ಕಿತ್ತುಕೊಳ್ಳಬೇಕು ಎಂದು ಕಿರಿಯವನು ತಿಳಿದ.

ಎರಡು ವಾರಕ್ಕೆ, ಜೂನ್ 25ರಂದು ಬಾಕುವಿನಲ್ಲಿ ಕಿರಿಯವನು ಕಿತ್ತುಕೊಳ್ಳಲು ಹೋದ. ಅಜರ್‌ಬೈಜಾನ್‌ನ ಹಳೆಯ ಪಟ್ಟಣದ ಕೋಟೆಗೋಡೆಗಳ ಪಕ್ಕ ಹಾಯುವ ಆ ರಸ್ತೆಯಲ್ಲಿ ಅಂದು ದೊಡ್ಡ ತಂಡಗಳಿಗೆಲ್ಲ ಒಂದಲ್ಲ ಒಂದು ಕೇಡು ಕಾದಿತ್ತು. ಮರ್ಸಿಡಿಸ್ ಚಾಲಕ ಹ್ಯಾಮಿಲ್ಟನ್‌ನ ಕಾರಿನ ತಲೆದಿಂಬು ಸಡಿಲವಾಯಿತು. ವೆಟೆಲ್ ಸಿಟ್ಟಿನಲ್ಲಿ ಹ್ಯಾಮಿಲ್ಟನ್‌ಗೆ ಗುದ್ದಿ ದಂಡ ತೆತ್ತ. ಮರ್ಸಿಡಿಸ್, ಫೆರಾರಿ ಎಡವಿದ ದಿನ ಸಣ್ಣ ತಂಡವೊಂದು ಗೆಲ್ಲಬಹುದಾದ ದಿನ. ಇಡೀ ವರ್ಷದಲ್ಲಿ ಅಂಥದ್ದು ಒಂದೋ ಎರಡೋ ಬರುತ್ತದೆ. ಸೇಫ್ಟಿ ಕಾರ್ ಹೊರಹೋಗಿ ರೇಸ್ ಮತ್ತೆ ಶುರುವಾದ ಕೆಲವೇ ಕ್ಷಣಗಳಲ್ಲಿ, ಎರಡನೇ ತಿರುವಿನ ಹೊರಗೆ ಒಕಾನ್ ಪೆರೆಜ್‌ನನ್ನು ಗೋಡೆಗೆ ಒತ್ತಿದ. ಪೆರೆಜ್‌ನ ರೇಸ್ ಅಲ್ಲಿಗೆ ಹಾಳಾಯಿತು. ರಿಪೇರಿ ಮಾಡಿ ಮತ್ತೆ ಬಿಟ್ಟರೂ ಕೊನೆ ಮುಟ್ಟಲಿಲ್ಲ. ಒಕಾನ್ ಆರನೆಯವನಾದ. ಗೆದ್ದವನು ಒಮ್ಮೆ ತೀರಾ ಹಿಂದೆ ಬಿದ್ದಿದ್ದ ರಿಕಾರ್ಡೊ. ಮೂರನೆಯವನು ವಿಲಿಯಮ್ಸ್ ತಂಡದ ಹದಿನೆಂಟರ ಹುಡುಗ ಲ್ಯಾನ್ಸ್ ಸ್ಟ್ರೋಲ್. ಆ ಹೆಸರು ಮುಂದೆ ಮತ್ತೆ ಬರಲಿದೆ.

ಜುಲೈ ಕೊನೆಗೆ ಹಂಗೆರಿಯಲ್ಲಿ ಮೊದಲ ತಿರುವಿನಲ್ಲೇ ಇಬ್ಬರೂ ಮತ್ತೊಮ್ಮೆ ತಾಗಿಸಿಕೊಂಡರು. ದೊಡ್ಡ ನಷ್ಟವಾಗಲಿಲ್ಲ. ಅದಾದ ಮೇಲಿನದು ನಾವು ಶಿಡ್ಲಘಟ್ಟದ ಮಹಡಿಯಲ್ಲಿ ಕಂಡ ಸ್ಪಾ.

ಅವತ್ತು ನನಗೆ ನಿಜಕ್ಕೂ ಭಯವಾಗಿತ್ತು. ಚಕ್ರಗಳು ಹೊರಗೇ ಇರುವ ಕಾರುಗಳಿವು. ಒಂದರ ಮುಂದಿನ ಚಕ್ರ ಇನ್ನೊಂದರ ಹಿಂದಿನ ಚಕ್ರದ ಮೇಲೆ ಹತ್ತಿದರೆ ಕಾರು ನೆಲ ಬಿಟ್ಟು ಏಳುತ್ತದೆ. ಜೊತೆಗಾರರ ವೈರಕ್ಕೆ ಜೀವ ತೆತ್ತ ನೆನಪು ಈ ಆಟದಲ್ಲಿ ಇನ್ನೂ ಆರಿಲ್ಲ. 1982ರ ಏಪ್ರಿಲ್ 25ರಂದು ಇಟಲಿಯ ಇಮೋಲಾದಲ್ಲಿ ಫೆರಾರಿ ತಂಡ ನಿಧಾನಿಸಿ ಎಂಬ ಫಲಕ ತೋರಿಸಿದ ಮೇಲೂ ದಿದಿಯೆ ಪಿರೋನಿ ಕೊನೆಯ ಸುತ್ತಿನಲ್ಲಿ ಜೊತೆಗಾರ ಜೀಲ್ ವಿಲ್‌ನವ್‌ನನ್ನು ದಾಟಿ ಗೆದ್ದ. ಇದು ಮೋಸವೆಂದು ನೊಂದ ವಿಲ್‌ನವ್ ಅವನ ಜೊತೆ ಮಾತು ಬಿಟ್ಟ. ಹದಿಮೂರು ದಿನಗಳ ನಂತರ, ಮೇ 8ರಂದು, ಬೆಲ್ಜಿಯಂನದೇ ಇನ್ನೊಂದು ಟ್ರ್ಯಾಕ್ ಝೋಲ್ಡರ್‌ನಲ್ಲಿ ಅರ್ಹತಾ ಸುತ್ತಿನ ವೇಳೆ ಮುಂದಿನ ಕಾರಿಗೆ ಬಡಿದು ಸತ್ತ. ಆಗ ಪಟ್ಟಿಯಲ್ಲಿ ಅವನಿಗಿಂತ ಮುಂದಿದ್ದವನು ಪಿರೋನಿ. ಪ್ರೋಸ್ಟ್ ಮತ್ತು ಸೆನ್ನಾ 1989ರಲ್ಲಿ ಜಪಾನಿನ ಸುಝುಕಾದಲ್ಲಿ ಒಂದೇ ಬಣ್ಣದ ಮೆಕ್‌ಲಾರೆನ್‌ಗಳನ್ನು ಒಂದಕ್ಕೊಂದು ಸಿಕ್ಕಿಸಿಕೊಂಡರು. 2007ರಲ್ಲಿ ಅಲೊನ್ಸೊ, ಹ್ಯಾಮಿಲ್ಟನ್ ಒಂದೇ ತಂಡದಲ್ಲಿ ಕಾದಾಡಿ ಇಬ್ಬರೂ 109 ಅಂಕಕ್ಕೆ ನಿಂತರು, 110 ಅಂಕದ ರೈಕೋನೆನ್ ಚಾಂಪಿಯನ್ ಆದ. ಅವೆಲ್ಲ ಗೆಲುವಿಗಾಗಿ, ವಿಶ್ವ ಕಿರೀಟಕ್ಕಾಗಿ ನಡೆದ ಜಗಳ. ಸ್ಪಾದ ಇಳಿಜಾರಿನಲ್ಲಿ ಇವರಿಬ್ಬರೂ ಜೀವ ಪಣಕ್ಕಿಟ್ಟದ್ದು ಕೆಲವೇ ಅಂಕಗಳಿಗೆ. ಎರಡು ವರ್ಷದ ನಂತರ, 2019ರ ಆಗಸ್ಟ್ 31ರಂದು, ಅದೇ ಓ ರೂಜ್ ಆಚೆಯ ಏರಿನ ತುದಿಯಲ್ಲಿ ಫಾರ್ಮುಲಾ ಟು ರೇಸಿನಲ್ಲಿ ಆಂತ್ವಾನ್ ಯೂಬೆರ್ ಎಂಬ ಫ್ರೆಂಚ್ ಹುಡುಗ ಸತ್ತ ಸುದ್ದಿ ಓದಿದಾಗ ನನಗೆ ಮೊದಲು ಕಣ್ಮುಂದೆ ಬಂದದ್ದು ಗೋಡೆಗೆ ಒತ್ತಿಕೊಂಡು ಇಳಿಯುತ್ತಿದ್ದ ಆ ಗುಲಾಬಿ ಕಾರು.

2017ರ ಆ ಸ್ಪಾ ರೇಸಿನಲ್ಲಿ ಒಕಾನ್ ಒಂಬತ್ತನೆಯವನಾಗಿ ಮುಗಿಸಿದ, ಪೆರೆಜ್ ಹೊರಬಿದ್ದ. ಸಂಜೆಯೇ ಒಕಾನ್ ಜಾಲತಾಣದಲ್ಲಿ ಕಟುವಾಗಿ ಬರೆದ. ತಂಡ ಕೊನೆಗೂ ಎಚ್ಚೆತ್ತಿತು. ಇನ್ನು ಮುಂದೆ ಟ್ರ್ಯಾಕ್ ಮೇಲೆ ಇವರಿಬ್ಬರ ನಡುವೆ ಪಿಟ್ ಗೋಡೆಯ ಮಾತೇ ಅಂತಿಮ ಎಂದಿತು. ಅಕ್ಟೋಬರ್‌ನಲ್ಲಿ ಸುಝುಕಾದಲ್ಲಿ ಆರನೇ ಸ್ಥಾನದ ಒಕಾನ್‌ನ ಹಿಂದಿದ್ದ ಪೆರೆಜ್, ತಾನು ದಾಟಲು ಪ್ರಯತ್ನಿಸಬಹುದೇ ಎಂದು ರೇಡಿಯೋದಲ್ಲಿ ಕೇಳಿದ. ಬೇಡ ಎಂದರು. ಆರು, ಏಳಾಗಿ ಮುಗಿಸಿದರು. ಜೂನ್‌ನಲ್ಲಿ ಆಡಬೇಕಿದ್ದ ಮಾತು ಆಗಸ್ಟ್ ಕೊನೆಗೆ ಬಂತು.

ಇಷ್ಟಾದರೂ ವರ್ಷದ ಕೊನೆಗೆ ಲೆಕ್ಕ ನೋಡಿದರೆ ಪೆರೆಜ್‌ಗೆ 100, ಒಕಾನ್‌ಗೆ 87. ತಂಡಕ್ಕೆ 187, ಮತ್ತೆ ನಾಲ್ಕನೇ ಸ್ಥಾನ. ಐದನೆಯ ವಿಲಿಯಮ್ಸ್‌ಗೆ 83 ಮಾತ್ರ. ಜಗಳವಿಲ್ಲದಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತು ಎನ್ನುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಪ್ರತಿ ಶನಿವಾರದ ಅರ್ಹತಾ ಸುತ್ತಿನಲ್ಲಿ ಆ ಕಾರಿನಿಂದ ಸೆಕೆಂಡಿನ ಕೊನೆಯ ಸಾವಿರದಲ್ಲೊಂದು ಭಾಗವನ್ನೂ ಹಿಂಡಿ ತೆಗೆದದ್ದು ಪಕ್ಕದ ಬೇಸಿನ್‌ನವನ ತೂಕದ ಭಯವೇ. ಬಾಕುವಿನಲ್ಲಿ ಕಳೆದುಕೊಂಡದ್ದೂ, ಸ್ಪೇನ್‌ನಲ್ಲಿ ಗಳಿಸಿದ್ದೂ ಒಂದೇ ಗೂಡಿನ ಎಳೆ.

2018ಕ್ಕೆ ಹಣದ ಮೂಲವೇ ಬತ್ತಿತು. 2017ರ ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ ಬಂಧನವಾಗಿ ಜಾಮೀನಿನ ಮೇಲಿದ್ದ ಮಲ್ಯ, 2018ರಲ್ಲಿ ತಂಡದ ನಿರ್ದೇಶಕ ಸ್ಥಾನ ಬಿಟ್ಟರು. ಬಿಡಿಭಾಗ ಒದಗಿಸುವವರಿಗೆ ಬಾಕಿ, ಚಾಲಕನಿಗೂ ಬಾಕಿ. ಯಾರಾದರೂ ಸಾಲಗಾರ ಕೋರ್ಟಿಗೆ ಹೋಗಿ ಬಾಗಿಲು ಮುಚ್ಚಿಸಿದರೆ ನಾನೂರಕ್ಕೂ ಹೆಚ್ಚು ಜನರ ಕೆಲಸ ಹೋಗುತ್ತಿತ್ತು. ಜುಲೈ 27ರಂದು, ಹಂಗೆರಿ ರೇಸಿನ ಶುಕ್ರವಾರ, ತನಗೆ ಬರಬೇಕಾದ ಹಣದ ಆಧಾರದ ಮೇಲೆ ತಂಡವನ್ನು ಲಂಡನ್ ಕೋರ್ಟಿನ ಮೂಲಕ ಆಡಳಿತಾಧಿಕಾರಿಗಳ ವಶಕ್ಕೆ ಕೊಡಿಸಿದವನು ಬೇರೆ ಯಾರೂ ಅಲ್ಲ, ಪೆರೆಜ್. ತಂಡವನ್ನು ಮುಚ್ಚದೆ ಮಾರಲು ಅದೊಂದೇ ದಾರಿ ಉಳಿದಿತ್ತು. ತಾನು ಓಡಿಸುವ ತಂಡದ ಮೇಲೆ ತಾನೇ ಕೋರ್ಟಿಗೆ ಹೋಗುವುದು ಅವನಿಗೆ ಎಷ್ಟು ಕಷ್ಟವಾಗಿರಬಹುದು ಎಂದು ಆಗಾಗ ಯೋಚಿಸುತ್ತೇನೆ. ಕೆನಡಾದ ಬಗ್ಗೆ, ಸ್ಪಾದ ಬಗ್ಗೆ ಅವನನ್ನು ಎಷ್ಟು ದೂರಿದರೂ ಸಿಲ್ವರ್‌ಸ್ಟೋನ್‌ನ ಆ ಮನೆಗಳಲ್ಲಿ ಒಲೆ ಉರಿಯುತ್ತಿದ್ದುದರಲ್ಲಿ ಅವನ ಪಾಲಿದೆ.

ಕೊಂಡವರು ಕೆನಡಾದ ಉದ್ಯಮಿ ಲಾರೆನ್ಸ್ ಸ್ಟ್ರೋಲ್ ಮುಂದಾಳತ್ವದ ಗುಂಪು. ಬಾಕುವಿನಲ್ಲಿ ಮೂರನೆಯವನಾದ ಹುಡುಗನ ಅಪ್ಪ. ತಂಡವನ್ನು ಹೊಸದೆಂದು ಪರಿಗಣಿಸಿದ್ದರಿಂದ ಅಲ್ಲಿಯವರೆಗೆ ಗಳಿಸಿದ್ದ 59 ಅಂಕ ಅಳಿಸಿಹೋದವು. ಸೊನ್ನೆಯಿಂದ ಶುರುಮಾಡಬೇಕಾದ ಮೊದಲ ರೇಸ್ ಯಾವುದು? ಆಗಸ್ಟ್ 26, ಸ್ಪಾ. ಮಳೆ ಬಿದ್ದ ಶನಿವಾರ ಒಕಾನ್ ಮೂರನೇ, ಪೆರೆಜ್ ನಾಲ್ಕನೇ ಸ್ಥಾನ ಹಿಡಿದರು. ಭಾನುವಾರ ಅದೇ ಇಳಿಜಾರು, ಅದೇ ಏರು. ಏರಿನಾಚೆಯ ನೇರ ರಸ್ತೆಯಲ್ಲಿ ಹ್ಯಾಮಿಲ್ಟನ್, ವೆಟೆಲ್, ಪೆರೆಜ್, ಒಕಾನ್ ನಾಲ್ವರೂ ಅಕ್ಕಪಕ್ಕ. ನಾನು ಕಣ್ಣು ಮುಚ್ಚಿದೆ. ತೆರೆದಾಗ ನಾಲ್ಕೂ ಕಾರುಗಳು ಇಡಿಯಾಗಿದ್ದವು. ಐದು, ಆರಾಗಿ ಮುಗಿಸಿ ಹೊಸ ಖಾತೆಗೆ ಹದಿನೆಂಟು ಅಂಕ ಹಾಕಿದರು.

ಮುಂದಿನ ತಿಂಗಳೇ ಸಿಂಗಪುರದಲ್ಲಿ ಮೊದಲ ಸುತ್ತಿನಲ್ಲೇ ಪೆರೆಜ್ ಒಕಾನ್‌ನನ್ನು ಗೋಡೆಗೆ ಕಳಿಸಿದ. ಹಳೆಯ ರೋಗ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ವರ್ಷದ ಕೊನೆಗೆ ಒಕಾನ್‌ನ ಸೀಟು ಮಾಲೀಕರ ಮಗ ಲ್ಯಾನ್ಸ್‌ಗೆ ಹೋಯಿತು. ಮನೆ ಮಾರಿ ಬಂದ ಹುಡುಗ 2019 ಪೂರ್ತಿ ರೇಸಿಲ್ಲದೆ ಕೂತ. ಫೋರ್ಸ್ ಇಂಡಿಯಾ ಎಂಬ ಹೆಸರೂ ಹೋಗಿ ತಂಡ ರೇಸಿಂಗ್ ಪಾಯಿಂಟ್ ಆಯಿತು. ಗುಲಾಬಿ ಬಣ್ಣ ಮಾತ್ರ ಉಳಿಯಿತು. 2020ರ ಸೆಪ್ಟೆಂಬರ್‌ನಲ್ಲಿ ಪೆರೆಜ್‌ಗೂ ಅದೇ ಗತಿ. ಮುಂದಿನ ವರ್ಷ ಅವನ ಜಾಗಕ್ಕೆ ವೆಟೆಲ್ ಬರುತ್ತಾನೆ ಎಂದು ಘೋಷಿಸಿದರು. ತಂಡ ಉಳಿಸಿದವನಿಗೆ ತಂಡದಲ್ಲಿ ಜಾಗವಿಲ್ಲ.

2020ರ ಡಿಸೆಂಬರ್ 6ರ ರಾತ್ರಿ ಬಹ್ರೇನ್‌ನ ಸಾಖೀರ್ ರೇಸ್ ನಮ್ಮಲ್ಲಿ ಶುರುವಾದದ್ದು ಹತ್ತೂ ಮುಕ್ಕಾಲಿನ ಹೊತ್ತಿಗೆ. ಚಳಿಗೆ ಚಿಕ್ಕಬಳ್ಳಾಪುರದ ಬೀದಿ ಆಗಲೇ ಬಾಗಿಲು ಹಾಕಿಕೊಂಡಿತ್ತು. ಮೊದಲ ಸುತ್ತಿನಲ್ಲೇ ಯಾರೋ ಗುದ್ದಿ ಪೆರೆಜ್ ಹದಿನೆಂಟನೇ ಸ್ಥಾನಕ್ಕೆ ಬಿದ್ದ. ನಾನು ಟಿ.ವಿ. ಆರಿಸಲು ಎದ್ದವನು ಮತ್ತೆ ಕೂತೆ. ಒಂದೊಂದೇ ಕಾರು ದಾಟುತ್ತ, ಟೈರ್ ಸವೆಯದಂತೆ ಕಾಯುತ್ತ ಬಂದ. ಮುಂದಿದ್ದ ಮರ್ಸಿಡಿಸ್‌ನವರು ಪಿಟ್‌ನಲ್ಲಿ ಒಬ್ಬರ ಟೈರನ್ನು ಇನ್ನೊಬ್ಬರ ಕಾರಿಗೆ ಹಾಕಿ ಎಡವಿದರು. ಎಂಬತ್ತೇಳನೇ ಸುತ್ತು ಮುಗಿದಾಗ ಪೆರೆಜ್ ಹತ್ತು ಸೆಕೆಂಡ್ ಮುಂದಿದ್ದ. 190ನೇ ರೇಸಿಗೆ ಅವನ ಮೊದಲ ಗೆಲುವು. ಜೋರ್ಡಾನ್ ಎಂಬ ಹೆಸರಿನ ಕಾಲದ ನಂತರ ಸಿಲ್ವರ್‌ಸ್ಟೋನ್‌ನ ಆ ಕಾರ್ಖಾನೆಗೂ ಅದೇ ಮೊದಲ ಗೆಲುವು. ಎರಡನೆಯವನಾಗಿ ಗೆರೆ ದಾಟಿದ್ದು ರೆನೋ ಕಾರಿನ ಒಕಾನ್. ಅವನ ಬದುಕಿನ ಮೊದಲ ಪೋಡಿಯಂ. ಮೂರನೆಯವನು ಲ್ಯಾನ್ಸ್ ಸ್ಟ್ರೋಲ್.

ಆಗ ರಾತ್ರಿ ಹನ್ನೆರಡೂವರೆ. ಶಿಡ್ಲಘಟ್ಟದ ಸ್ನೇಹಿತನ ಫೋನ್ ಬಂತು. ಮಕ್ಕಳು ಅವನನ್ನೂ ಮಲಗಲು ಬಿಟ್ಟಿರಲಿಲ್ಲ. "ಅವತ್ತು ಗೋಡೆಗೆ ಗುದ್ದಿಸ್ದೋನು, ಗುದ್ದಿಸಿಕೊಂಡೋನು ಅವರೇ ಅಲ್ವೇನೋ?" ಎಂದ. ಹೌದು ಎಂದೆ. ಪೋಡಿಯಂ ಮೇಲೆ ಪೆರೆಜ್ ಅಳುತ್ತಿದ್ದ. ಒಕಾನ್ ಅವನ ಪಕ್ಕದ ಮೆಟ್ಟಿಲ ಮೇಲೆ ನಿಂತಿದ್ದ.